ಒಂದು ಕಿಲೋ ಬಿತ್ತನೆ ಬತ್ತ

ವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆಯು ವಿದ್ಯಾಲಯಗಳಲ್ಲಿಯೇ ಉಳಿಯುತ್ತದೆ, ಅದರಿಂದ ಗದ್ದೆಗೆ ಬರುವುದು ಅಲ್ಪವೆಂಬ ಮಾತು ಹಳ್ಳಿಯ ಜಗಲಿಕಟ್ಟೆಗಳಲ್ಲಿ ಬಹುಕಾಲದಿಂದಲೂ ಕೇಳಿಬರುತ್ತಿರುವುದಷ್ಟೆ. ಈ ದೂರಿನಲ್ಲಿ ಸ್ವಲ್ಪವೂ ಹುರುಳಿಲ್ಲವೆಂದು ವಾದಿಸುವುದು ನ್ಯಾಯವಾಗಲಾರದು. ಆದರೆ ಸಂಶೋಧನೆಯನ್ನು ಗದ್ದೆಗೆ ತರುವ ಹೊಣೆಯು ಕೇವಲ ಪಂಡಿತರದೆಂದು ತೀರ್ಮಾನಿಸಿ, ಹಿಡುವಳಿದಾರರೂ ಊರಿನ ಯಜಮಾನರೂ ಸುಮ್ಮನೆ ಕುಳಿತಿರುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ. ಈ ವಿಷಯದಲ್ಲಿ ವಿಯೆಟ್ನಾಂ ದೇಶದ ವಿದ್ವಾಂಸರು ಕಳೆದ ಎಪ್ಪತ್ತೈದು ವರ್ಷಗಳಲ್ಲಿ ನಡೆಸಿದ ಕೆಲಸವು ಬತ್ತ ಬೆಳೆಯುವವರೆಲ್ಲರೂ ತಿಳಿಯತಕ್ಕದ್ದಾಗಿದೆ.

ಆ ದೇಶದ ಉತ್ತರದಲ್ಲಿ ಕೆಂಪು ನದಿಯೂ ದಕ್ಷಿಣದಲ್ಲಿ ಮೆಕಾಂಗ್ ನದಿಯೂ ಸಮುದ್ರವನ್ನು ಸೇರುವೆಡೆ ವಿಸ್ತಾರವಾದ ಮೆಕ್ಕಲು ಭೂಮಿಗಳಿವೆ. ಅಲ್ಲಿಯ ಜನರಿಗೆ ಅನ್ನವೇ ಆಧಾರ. 1975ರವರೆಗೆ ಯುದ್ಧಗಳ ಮೇಲೆ ಯುದ್ಧಗಳು ನಡೆದುದರಿಂದ, ಅಲ್ಲಿಯ ವಿದ್ವಾಂಸರಿಗೆ ಪುಸ್ತಕಕ್ಕಾಗಿ ವಿದ್ಯೆಯನ್ನು ಬೆಳೆಸುವ ಬಿಡುವು ಇರಲಿಲ್ಲ. ವೈದ್ಯರಾದ ದಾಂಗ್ ವಾನ್ ಙು ಎಂಬುವರು ಜಪಾನಿನಲ್ಲಿ ಕಲಿತು 1949ರಲ್ಲಿ ಸ್ವದೇಶಕ್ಕೆ ಹಿಂತಿರುಗಿ, ಕಾಡಿನ ನಡುವೆ, ಮೆಕ್ಕೆಜೋಳದ ಗಿಡದಿಂದ ಮಾಡಿದ ದ್ರವದಲ್ಲಿ ಬೂಷ್ಟನ್ನು ಬೆಳೆಸಿ ಗಾಯಾಳುಗಳಿಗೆ ಪೆನಿಸಿಲಿನ್ ಔಷಧವನ್ನು ಒದಗಿಸಿದರು. ಮುಂದೆ ಮಲೇರಿಯಾ ಜ್ವರದ ನಿವಾರಣೆಗೆ ತೊಡಗಿ, ಅದೇ ಕೆಲಸದಲ್ಲಿರುವಾಗ 1967ರಲ್ಲಿ ಬಾಂಬಿನ ದಾಳಿಗೆ ತುತ್ತಾದರು. ಜಪಾನಿನಲ್ಲಿಯೇ ಸಸ್ಯಶಾಸ್ತ್ರವನ್ನು ಅಭ್ಯಾಸಮಾಡಿದ ಲುವಾಂಗ್ ದಿನ್ ಕುವಾ ಅವರು 1954ರಲ್ಲಿ ಉತ್ತರ ಭಾಗಕ್ಕೆ ಹೋಗಿ ಬತ್ತದ ಹೊಸ ತಳಿಗಳನ್ನು ಬೆಳೆಸಿದರಲ್ಲದೆ, ಸಸಿಯನ್ನು ಸಾಲಾಗಿಯೂ ಮೇಲುಮೇಲಾಗಿಯೂ ನಾಟಿಮಾಡಬೇಕೆಂದು ರೈತರಿಗೆ ಹೇಳಿಕೊಟ್ಟರು. ಕೆಸರಿನಲ್ಲಿ ಆಳವಾಗಿ ಊರಿದ ಸಸಿಯು ತೆಂಡೆಯೊಡೆಯಲು ತಡಮಾಡುವುದೆಂಬುದು ಇಂದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಆಳವಾಗಿಯೇ ನಾಟಿಮಾಡಿಸುವವರು ಇನ್ನೂ ಇದ್ದಾರೆ.

ಆದರೆ ವಿಸ್ತರಿಸಿ ಹೇಳಬೇಕಾದುದು ವೋ ತಾಂಗ್ ಶುವಾನ್ ಅವರ ವೃತ್ತಾಂತವನ್ನು. ಇವರು 1940ರಲ್ಲಿ ಹುಟ್ಟಿ, ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸಿನಲ್ಲಿ ವ್ಯವಸಾಯಶಾಸ್ತ್ರವನ್ನು ಓದಿ, ಮೆಕಾಂಗ್ ಮೆಕ್ಕಲು ಸೀಮೆಯ ಕಾನ್‌ಥೋ ವಿಶ್ವವಿದ್ಯಾಲಯದಲ್ಲಿ ಉಪಾಧ್ಯಾಯರಾದರು. ಯುದ್ಧವು ಮುಗಿದ ಕೆಲವೇ ವರ್ಷಗಳಲ್ಲಿ, ಎಂದರೆ 1977–78ರ ಸುಮಾರಿಗೆ, ಆ ಸೀಮೆಯ ಬತ್ತಕ್ಕೆ ಕಂದು ಜಿಗಿಹುಳುವಿನ ಭಯಂಕರವಾದ ಹಾವಳಿಯುಂಟಾಯಿತು. ಈ ಹುಳುವಿನ ಪರಿಚಯವು ತುಂಗಭದ್ರಾ, ಭದ್ರಾ ಮತ್ತು ಕಾವೇರಿ ಅಚ್ಚುಕಟ್ಟುಗಳ ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಬುಡದಲ್ಲಿ ಗುಂಪುಗೂಡಿ ರಸವನ್ನು ಹೀರುವುದು, ಮೇಲಿನಿಂದ ನೋಡುವವನಿಗೆ ಪೈರು ಹಸಿರಾಗಿಯೇ ಕಾಣುವುದು, ಆಮೇಲೆ ಹಠಾತ್ತಾಗಿ ಚಕ್ರ ಚಕ್ರವಾಗಿ ಬೆಂಕಿ ತಗುಲಿದಂತೆ ಒಣಗಿಹೋಗುವುದು ಇದರ ಕ್ರಮ. ಈ ಹುಳುವನ್ನು ತಡೆಯುವುದೆಂದು ಪ್ರಸಿದ್ಧವಾಗಿದ್ದ ಐ.ಆರ್. 26 ಎಂಬ ತಳಿಯೂ ಆ ಸಲ ಸೋತಿತು. ಏಕೆಂದರೆ ಒಂದೇ ತಳಿಯನ್ನು ಎಲ್ಲೆಲ್ಲಿಯೂ ಬೆಳೆದಾಗ, ಅದನ್ನು ತಿಂದು ಬದುಕಬಲ್ಲ ಹುಳುವಿನ ವಂಶವೇ ಮೇಲುಗೈಯಾಗುತ್ತದೆ.

ಶುವಾನ್ ಅವರು ಲಾಸ್ ಬಾನ್ಯೋಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಗೆ ಬರೆದುಕೊಂಡು ಹೊಸ ತಳಿಗಳ ಬೀಜವನ್ನು ತರಿಸಿದರು. ಬಂದದ್ದು ಚಿಕ್ಕ ಲಕೋಟೆಗಳಲ್ಲಿ ಕೆಲವೇ ಗ್ರಾಂ. ಅವುಗಳಲ್ಲಿ ಐ.ಆರ್. 36 ಎಂಬುದು ಹುಳುವನ್ನು ತಡೆದು ನಿಂತಿತು. ಆ ಬೀಜವನ್ನು ನಾಟಿಮಾಡಿ, ಕೊಯ್ದು, ಮತ್ತೆ ನಾಟಿಮಾಡಿ ಹೆಚ್ಚಿಸಿದ್ದಾಯಿತು. ಆದರೆ ಲಕ್ಷಾಂತರ ಎಕರೆಗಳಿಗೆ ಅದು ತಲುಪುವುದು ಹೇಗೆ? ಸರ್ಕಾರದ ಬೀಜದ ಕಣಜಗಳ ಮೂಲಕ ಹಂಚಬೇಕೆಂದರೆ ವರ್ಷಗಳೇ ಹಿಡಿಯುತ್ತಿದ್ದವು, ಜನರ ಹಸಿವು ಅಷ್ಟುಕಾಲ ಕಾಯುವಂತಿರಲಿಲ್ಲ. ಆಗ ಅವರು ವಿಶ್ವವಿದ್ಯಾಲಯದ ಮುಖ್ಯಸ್ಥರನ್ನು ಒಪ್ಪಿಸಿ, ಎರಡು ತಿಂಗಳ ಕಾಲ ಪಾಠಗಳನ್ನು ನಿಲ್ಲಿಸಿ, ವಿದ್ಯಾರ್ಥಿಗಳ ಕೈಗೆ ತಲಾ ಒಂದು ಕಿಲೋ ಬಿತ್ತನೆಯನ್ನು ಕೊಟ್ಟು ಹಳ್ಳಿಗಳಿಗೆ ಕಳುಹಿಸಿದರು. ಹೊರಡುವ ಮುನ್ನ ಅವರಿಗೆ ಕಲಿಸಿದ್ದು ಮೂರೇ ಪಾಠ: ಒಟ್ಲು ಹಾಕುವುದು, ಗದ್ದೆಯನ್ನು ಹದಮಾಡುವುದು, ಗುಣಿಗೆ ಒಂದೇ ಸಸಿಯಂತೆ ನಾಟಿಮಾಡುವುದು.

ಗುಣಿಗೊಂದು ಸಸಿಯೆಂಬ ಮಾತನ್ನು ಕೇಳಿ ನಗುವವರು ಈ ಲೆಕ್ಕವನ್ನು ನೋಡಬೇಕು. ಒಂದು ಕಿಲೋ ಬತ್ತದಲ್ಲಿ ಸುಮಾರು 40,000 ಕಾಳುಗಳಿರುತ್ತವೆ. ಅಂಗೈಯಗಲಕ್ಕಿಂತ ಮಿಗಿಲಾದ 20 ಸೆಂಟಿಮೀಟರ್ ಅಂತರದಲ್ಲಿ ನಾಟಿಮಾಡಿದರೆ ಚದರ ಮೀಟರಿಗೆ 25 ಗುಣಿ, ಹತ್ತು ಗುಂಟೆಗೆ ಸುಮಾರು 25,000. ಕೆಲವು ಕಾಳು ಮೊಳೆಯದೆ ಹೋದರೂ, ಕೆಲವು ಸಸಿ ಸತ್ತರೂ, ಒಂದು ಕಿಲೋ ಬೀಜವು ಹತ್ತು ಗುಂಟೆಗೆ ಧಾರಾಳವಾಗಿ ಸಾಲುತ್ತದೆ. ಅದರ ಫಸಲನ್ನು ತಿನ್ನದೆ ನೆರೆಯವರಿಗೆ ಬಿತ್ತನೆಗೆ ಕೊಟ್ಟರೆ ಮುಂದಿನ ಬೆಳೆಗೆ ಒಂದು ಊರಿಗೆ ಊರೇ ಹೊಸ ತಳಿಯದಾಗುತ್ತದೆ. ಹಾಗೆಯೇ ಆಯಿತು. ಕೆಲವೇ ಬೆಳೆಗಳಲ್ಲಿ ಆ ತಳಿಯು ಮೆಕಾಂಗ್ ಸೀಮೆಯಲ್ಲೆಲ್ಲಾ ಹಬ್ಬಿ ಹುಳುವಿನ ಕಾಟವು ಇಳಿಯಿತು. ಶುವಾನ್ ಅವರಿಗೆ 1993ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು. 2024ರ ಆಗಸ್ಟಿನಲ್ಲಿ ಅವರು ಕಾಲವಾದರು.

ಎರಡು ತಿಂಗಳ ವ್ಯಾಸಂಗವು ಹಾಳಾಯಿತಲ್ಲಾ ಎಂದು ಆಕ್ಷೇಪಿಸುವವರು ಇರಬಹುದು. ಆ ವಿದ್ಯಾರ್ಥಿಗಳು ಆ ಎರಡು ತಿಂಗಳಲ್ಲಿ ಕಲಿತಷ್ಟನ್ನು ಎರಡು ವರ್ಷದ ಉಪನ್ಯಾಸಗಳಲ್ಲಿಯೂ ಕಲಿಯುತ್ತಿರಲಿಲ್ಲವೆಂಬುದೇ ಸರಿಯಾದ ಉತ್ತರ. ಆದರೆ ಈ ಕಥೆಯಲ್ಲಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ಪಾತ್ರವಿದೆ. ಅಪರಿಚಿತನಾದ ಒಬ್ಬ ಹುಡುಗನು ಒಂದು ಗಂಟು ಬೀಜವನ್ನು ಹಿಡಿದು ಬಂದಾಗ, ಹಸಿದ ಕಾಲದಲ್ಲಿ, ತನ್ನ ಗದ್ದೆಯಲ್ಲಿ ಹತ್ತು ಗುಂಟೆಯನ್ನು ಬಿಟ್ಟುಕೊಟ್ಟು, ಬಂದ ಫಸಲನ್ನು ಬೀಜಕ್ಕೆಂದು ಕಾದಿಟ್ಟ ರೈತನ ಪಾತ್ರವದು. ಅವನಿಲ್ಲದಿದ್ದರೆ ಲಕೋಟೆಯ ಬೀಜವು ಲಕೋಟೆಯ ಬೀಜವಾಗಿಯೇ ಉಳಿಯುತ್ತಿತ್ತು.

ಪ್ರಸಂಗವಶಾತ್ ಇನ್ನೊಂದು ಮಾತು. ಐ.ಆರ್. 36ನ್ನು ರೂಪಿಸಿದವರು ಪಂಜಾಬಿನವರಾದ ಗುರುದೇವ್ ಖುಶ್ ಅವರು. ಅದರ ಪೂರ್ವಿಕರಲ್ಲಿ ಕಟಕದ ಸಂಶೋಧನಾಲಯದ ಒಂದು ತಳಿಯೂ, ಉತ್ತರ ಪ್ರದೇಶದ ಒಂದು ಕಾಡುಬತ್ತವೂ ಸೇರಿವೆ. ಜಿಗಿಹುಳು ಹರಡುವ ಒಂದು ನಂಜುರೋಗವನ್ನು ತಡೆಯುವ ಶಕ್ತಿಯು ಆ ಕಾಡುಬತ್ತದಿಂದ ಬಂದದ್ದು. ಶಾಸ್ತ್ರಜ್ಞರು ಅದಕ್ಕೆ ಇಟ್ಟಿರುವ ಹೆಸರು ಸಂಸ್ಕೃತದ ‘ನೀವಾರ’. ಋಷಿಗಳ ಆಹಾರವೆಂದು ಪುರಾಣಗಳಲ್ಲಿ ಕೇಳುವ ಧಾನ್ಯವು ಹೀಗೆ ಪರದೇಶದ ಹಸಿವಿಗೆ ಒದಗಿತು. ಕೆರೆಯಂಗಳದಲ್ಲಿ ತಾನಾಗಿ ಬೆಳೆಯುವ ಹುಲ್ಲುಬತ್ತವನ್ನು ಕಳೆಯೆಂದು ತುಚ್ಛವಾಗಿ ಕಾಣುವವರು ಇದನ್ನು ನೆನೆಯಬೇಕು.

ಬೀಜವೊಂದರಿಂದಲೇ ಹುಳುವಿನ ಕಥೆ ಮುಗಿಯಲಿಲ್ಲ. 1990ರ ದಶಕದಲ್ಲಿ ಮೆಕಾಂಗ್ ಸೀಮೆಯ ರೈತರು ಎಲೆಸುರುಳಿ ಹುಳುವಿಗೆ ಹೆದರಿ, ಬಿತ್ತಿದ ಕೆಲವೇ ದಿನಗಳಲ್ಲಿ ಔಷಧವನ್ನು ಸಿಂಪಡಿಸತೊಡಗಿದ್ದರು. ಎಳೆಯ ಪೈರಿಗೆ ಆ ಹುಳುವಿನಿಂದ ಆಗುವ ಹಾನಿಯು ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ, ಹೊಸ ಎಲೆಗಳು ಬಂದು ಅದನ್ನು ತುಂಬಿಕೊಳ್ಳುತ್ತವೆ. ಔಷಧದಿಂದ ಸಾಯುವುದಾದರೋ ಜೇಡಗಳು ಮತ್ತು ಜಿಗಿಹುಳುವಿನ ಮೊಟ್ಟೆಯನ್ನು ತಿನ್ನುವ ತಿಗಣೆಯ ಜಾತಿಯ ಕೀಟಗಳು. ಕಾವಲುಗಾರರನ್ನು ಕೊಂದ ಮನೆಗೆ ಕಳ್ಳನು ನುಗ್ಗಿದಂತೆ ಜಿಗಿಹುಳುವು ಬೆಳೆಯುತ್ತದೆ. ವಿಯೆಟ್ನಾಮಿನ ಸಸ್ಯಸಂರಕ್ಷಣಾ ಶಾಖೆಯವರು ಲಾಸ್ ಬಾನ್ಯೋಸಿನ ಕೀಟಶಾಸ್ತ್ರಜ್ಞರೊಡನೆಯೂ ಸಮಾಜಶಾಸ್ತ್ರಜ್ಞರೊಡನೆಯೂ ಸೇರಿ, ಆಗಿನ ಲಾಂಗ್ ಆನ್ ಪ್ರಾಂತದಲ್ಲಿ ರೈತರಿಗೆ ಉಪದೇಶವನ್ನು ಮಾಡಲಿಲ್ಲ. ಗದ್ದೆಯ ಒಂದು ಭಾಗಕ್ಕೆ ಮೊದಲ 40 ದಿನ ಔಷಧ ಹೊಡೆಯದೆ, ಉಳಿದ ಭಾಗದೊಡನೆ ಇಳುವರಿಯನ್ನು ನೀವೇ ಹೋಲಿಸಿ ನೋಡಿರೆಂದರು. ರೇಡಿಯೋದಲ್ಲಿ ಹಾಸ್ಯದ ಚಿಕ್ಕ ನಾಟಕಗಳ ಮೂಲಕ ಅದೇ ಮಾತನ್ನು ಹರಡಿದರು. ಬೆಳೆಯೊಂದಕ್ಕೆ ಸರಾಸರಿ ಮೂರು ಸಲಕ್ಕಿಂತ ಹೆಚ್ಚಾಗಿದ್ದ ಸಿಂಪಡಣೆಯು ಎರಡಕ್ಕಿಂತ ಕಡಿಮೆಯಾಯಿತು. ಮುಂದೆ ಬಿತ್ತನೆ, ಸಾರಜನಕ ಗೊಬ್ಬರ, ಔಷಧ ಈ ಮೂರನ್ನೂ ತಗ್ಗಿಸುವ ಪದ್ಧತಿಯು ಇದರಿಂದಲೇ ಬೆಳೆಯಿತು.

ಆದರೂ 2006ರಲ್ಲಿ ಜಿಗಿಹುಳುವು ನಂಜುರೋಗಗಳೊಡನೆ ಮರಳಿ ಬಂದಿತು. ಆಗ ಅಲ್ಲಿಯವರು ಕಂಡುಕೊಂಡ ಉಪಾಯವು ಊರಿನ ಯಜಮಾನರಿಗೆ ವಿಶೇಷವಾಗಿ ಸಂಬಂಧಿಸಿದ್ದು. ರಾತ್ರಿ ದೀಪದ ಬಲೆಗಳನ್ನಿಟ್ಟು, ಬಿದ್ದ ಹುಳುಗಳನ್ನು ಎಣಿಸಿ, ಹಾರಿಬರುವ ಹಿಂಡು ಅತ್ಯಧಿಕವಾಗಿ ಇಳಿದುಹೋದ ಕೂಡಲೆ ಇಡೀ ಬಯಲಿನವರು ಒಟ್ಟಿಗೆ ಬಿತ್ತುವುದು. ಒಬ್ಬನು ಇಂದು, ಇನ್ನೊಬ್ಬನು ಮೂರು ವಾರದ ಮೇಲೆ ಬಿತ್ತಿದರೆ, ಮೊದಲನೆಯವನ ಗದ್ದೆಯ ಹುಳುವಿಗೆ ಎರಡನೆಯವನ ಎಳೆಯ ಪೈರು ಸಿದ್ಧವಾದ ಊಟವಾಗುತ್ತದೆ. ಶಾಸ್ತ್ರಜ್ಞನು ದಿನವನ್ನು ಹೇಳಬಲ್ಲನೇ ಹೊರತು ಬಯಲನ್ನೆಲ್ಲಾ ಒಪ್ಪಿಸಲಾರನು. ಅದು ಊರಿನ ಹಿರಿಯರ ಕೆಲಸ.

ಕನ್ನಡನಾಡಿನ ನಾಲೆಗಳ ಕೆಳಗೆ ನಡೆಯುವುದು ಇದಕ್ಕೆ ವಿರುದ್ಧವಾದುದು. ತಲೆಭಾಗದವರು ನೀರು ಬಂದೊಡನೆ ನಾಟಿಮಾಡುತ್ತಾರೆ, ಕೊನೆಭಾಗದವರು ನೀರಿಗಾಗಿ ವಾರಗಟ್ಟಲೆ ಕಾಯುತ್ತಾರೆ. ಯೂರಿಯಾ ಗೊಬ್ಬರವು ಪೈರಿನ ಕಪ್ಪು ಹಸಿರನ್ನು ನೋಡಿ ಸಂತೋಷಪಡುವುದಕ್ಕಾಗಿಯೋ ಎಂಬಂತೆ ಬೀಳುತ್ತದೆ. ಔಷಧದ ಅಂಗಡಿಯವನು ಹೇಳಿದ್ದೇ ಶಾಸ್ತ್ರ. ಇಲಾಖೆಯ ತಪ್ಪೂ ಇದರಲ್ಲಿ ಇಲ್ಲದಿಲ್ಲ: ಪ್ರಾತ್ಯಕ್ಷಿಕೆಗಳು ಬಹುಮಟ್ಟಿಗೆ ರಸ್ತೆಯ ಪಕ್ಕದ, ನೀರು ಸಮೃದ್ಧವಾದ ಗದ್ದೆಗಳಲ್ಲಿಯೇ ನಡೆಯುತ್ತವೆ, ಕೊನೆಭಾಗದ ಬಡ ಹಿಡುವಳಿದಾರನಿಗೆ ಅವು ದೂರದ ಜಾತ್ರೆ. ಆದರೆ ಒಂದು ಉಪನಾಲೆಯ ಕೆಳಗಿನ ದೊಡ್ಡ ಹಿಡುವಳಿದಾರರು ನಾಲ್ಕೈದು ಜನ ಕೂಡಿ ನಾಟಿಯ ದಿನವನ್ನು ಗೊತ್ತುಮಾಡಿ, ತಮ್ಮ ಸರದಿಯ ನೀರಿನಲ್ಲಿ ಸ್ವಲ್ಪವನ್ನು ಕೆಳಗಿನವರ ಒಟ್ಲಿಗೆ ಬಿಡುವುದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ.

ಬರುವ ಮುಂಗಾರಿನ ನಾಟಿಯಲ್ಲಿ ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ತಮ್ಮ ಗದ್ದೆಯಲ್ಲಿ ಐದು ಗುಂಟೆಯನ್ನು ಗೂಟ ಹೊಡೆದು ಬೇರೆಮಾಡಿ, ಮೊದಲ 40 ದಿನ ಔಷಧವನ್ನು ಸಿಂಪಡಿಸದೆ, ವಾರಕ್ಕೊಮ್ಮೆ ತೆಂಡೆಗಳನ್ನು ಬಿಡಿಸಿ ಬುಡವನ್ನು ನೋಡುತ್ತಾ ಬರತಕ್ಕದ್ದು. ಅಲ್ಲಿ ಜಿಗಿಹುಳು ಗುಂಪುಗೂಡಿ ಕಂಡರೆ ಅಂದೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಕೊಯ್ಲಿನಲ್ಲಿ ಆ ಐದು ಗುಂಟೆಯ ಬತ್ತವನ್ನು ಬೇರೆ ಒಕ್ಕಣೆ ಮಾಡಿ, ಪಕ್ಕದ ಐದು ಗುಂಟೆಯದರೊಡನೆ ತೂಗಿ, ತೂಕವನ್ನೂ ಔಷಧಕ್ಕೆ ಆದ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆದಿಡುವುದು.