ತಾಳಮದ್ದಳೆಯ ವಿಡಿಯೋ ಸಂಕಲನ: ಮೂಲ ಉಳಿಯಲಿ
ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಯು ಇಂದಿಗೂ ಜೀವಂತ ವಾಕ್ಪರಂಪರೆ. ಅದರ ವಿಡಿಯೋ ಸಂಕಲಿಸುವಾಗ ಅರ್ಥಧಾರಿಯ ಮೌನವನ್ನು ವ್ಯರ್ಥವೆಂದು ಕತ್ತರಿಸುವುದು ಸಲ್ಲದು. ಎದುರಾಳಿಯ ಪ್ರಶ್ನೆಗೆ ಉತ್ತರ ಹುಟ್ಟುವುದು ಆ ಮೌನದಲ್ಲಿಯೇ. ಟೈಮ್‌ಲೈನಿನಲ್ಲಿ ತುಣುಕನ್ನು ತೆಗೆದು ತೆರವನ್ನು ಮುಚ್ಚಿದೊಡನೆ ಮುಂದಿನದೆಲ್ಲ ಹಿಂದಕ್ಕೆ ಸರಿಯುತ್ತದೆ. ವಾದದ ಲಯವೇ ಕೆಡುತ್ತದೆ. ಆದುದರಿಂದ ಮೂಲ ಟೈಮ್‌ಲೈನಿನ ಟ್ರ್ಯಾಕುಗಳನ್ನು ಲಾಕ್ ಮಾಡಿ ಅಖಂಡವಾಗಿ ಉಳಿಸಬೇಕು. ಕತ್ತರಿ ಅದರ ಪ್ರತಿಯಲ್ಲಿ ಮಾತ್ರ ಆಡಬೇಕು.

ಭಾಗವತಿಕೆ, ಚೆಂಡೆ–ಮದ್ದಳೆ, ಅರ್ಥಗಾರಿಕೆಗಳನ್ನು ಬೇರೆ ಬೇರೆ ಮೈಕಿನಲ್ಲಿ ಮುದ್ರಿಸಿಕೊಂಡಿದ್ದರೆ ಆಯಾ ಟ್ರ್ಯಾಕಿಗೆ ಕನ್ನಡದಲ್ಲಿಯೇ ಹೆಸರಿಡಬೇಕು. ಪ್ರತಿಯೊಂದು ಪದ್ಯದ ಆರಂಭದಲ್ಲಿ ಮಾರ್ಕರ್ ಇಟ್ಟರೆ ನಾಳಿನ ಸಂಶೋಧಕರು ಬೇಕಾದ ಸಂವಾದವನ್ನು ಸುಲಭವಾಗಿ ತಲುಪುವರು. 10 ನಿಮಿಷದ ತುಣುಕು ವೀಕ್ಷಕರಿಗೆ ಸಾಕಾದೀತು. ಗಡಿನಾಡ ಕನ್ನಡದ ಅಧ್ಯಯನಕ್ಕೆ ಇಡೀ ಕೂಟದ ಮಾತು ಬೇಕು.