ದೆವ್ವವನ್ನು ನೋಡಿ ನಗಬೇಕೋ, ಹೆದರಿದವರನ್ನು ನೋಡಿ ನಗಬೇಕೋ?

 

'ಸ್ತ್ರೀ' ಸಿನಿಮಾ ನೋಡದವರು ನಮ್ಮಲ್ಲಿ ಕಡಿಮೆ. 2018ರಲ್ಲಿ ಬಂದ ಹಿಂದಿ ಚಿತ್ರ, ಅಮರ್ ಕೌಶಿಕ್ ಅವರ ನಿರ್ದೇಶನ. ಟಿವಿಯಲ್ಲಿ ಬಂದರೆ ಸಾಕು, ಮಾರನೇ ದಿನ ತರಗತಿಯಲ್ಲಿ ಅದೇ ಮಾತು. ಹೆದರಿಸುತ್ತಲೇ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಚಿತ್ರ. ಆದರೆ ಅದರ ಬೀಜ ನಮ್ಮ ಕಡೆಯದು ಅಂತ ಎಷ್ಟು ಜನಕ್ಕೆ ಗೊತ್ತು? ಕಥೆ ಬರೆದ ರಾಜ್ ಮತ್ತು ಡಿಕೆ ಅವರಿಗೆ ಅದು ಹೊಳೆದಿದ್ದು 1990ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಹಬ್ಬಿದ್ದ 'ನಾಳೆ ಬಾ' ಸುದ್ದಿಯಿಂದ.

ಆಗ ನಮ್ಮ ನಾಗರಬಾವಿ ಇನ್ನೂ ಅರ್ಧ ಹಳ್ಳಿಯಂತೆ. ಬಡಾವಣೆ ಸೈಟುಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ, ನಡುವೆ ಕತ್ತಲು. ರಾತ್ರಿ ಒಂದು ಹೆಣ್ಣು ದೆವ್ವ ಬರುತ್ತೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ, ಬಾಗಿಲು ತೆಗೆದವರು ಸತ್ತೇ ಹೋಗ್ತಾರೆ ಅಂತ ಸುದ್ದಿ. ಅದಕ್ಕೆ ಉಪಾಯವೆಂದರೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಬಂದು ಓದಿಕೊಂಡು ವಾಪಸ್ಸು ಹೋಗುತ್ತೆ. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. ನಮ್ಮಜ್ಜಿ ಹೇಳೋದು ಕೇಳಬೇಕು: "ಸೀಮೆಸುಣ್ಣದಲ್ಲಿ ಬರೆದ್ರೆ ಮಳೆಗೆ ಅಳಿಸ್ಕೊಂಡು ಹೋಗ್ತದೆ ಅಂತ ನಿಮ್ ತಾತ ಇದ್ದಿಲಲ್ಲಿ ಬರೆದ್ರು ಕಣಮ್ಮಿ. ನಂಗೆ ಅದು ಏನು ಬರೆದವ್ರೆ ಅಂತ ಓದಕ್ಕೂ ಬತ್ತಿರ್ಲಿಲ್ಲ."

ಈ ಮಾತು ಕೇಳಿ ನನಗೆ ಮೊದಲು ನಗು ಬಂತು, ಆಮೇಲೆ ಯೋಚನೆ ಬಂತು. 1991ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಕ್ಷರ ಬಲ್ಲ ಹೆಂಗಸರು 100ಕ್ಕೆ ಸುಮಾರು 44 ಮಂದಿ ಮಾತ್ರ. ಅಂದರೆ ಮನೆಯೊಳಗಿದ್ದ ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ, ಹೊರಗೆ ನಿಂತ ದೆವ್ವಕ್ಕೆ ಬರುತ್ತಿತ್ತು! ಓದು ಬಂದಿದ್ದೇ ಪಾಪ ಅದಕ್ಕೆ ಮುಳುವಾಯಿತು. ಬರೆದಿದ್ದನ್ನು ಸತ್ಯ ಅಂತ ನಂಬಿತು.

ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ನೋಡಿದ್ದೀರಲ್ಲ? ಅದೇ ಲೆಕ್ಕ. ಉದ್ರಿ ಕೇಳಲು ಬಂದವನಿಗೆ ಬೋರ್ಡಿನ ಮೋಸ ಗೊತ್ತಿರುತ್ತೆ, ಅವನು ನಕ್ಕು ಹೋಗ್ತಾನೆ. ಈ ದೆವ್ವಕ್ಕೆ ಮಾತ್ರ ಗೊತ್ತಾಗಲೇ ಇಲ್ಲ. ಎಷ್ಟು ಬಾಗಿಲು, ಎಷ್ಟು ರಾತ್ರಿ! ಸತ್ತಾಗಿದೆ, ಇನ್ನೊಂದು ಸಾವಿಲ್ಲ. ಹೋಗಲು ಮನೆಯಿಲ್ಲ, ಮಾತಾಡಲು ಜನವಿಲ್ಲ.

ಸಾವಿಲ್ಲದೆ ಇರುವುದನ್ನು ನಾವು ದೊಡ್ಡ ವರ ಅಂದುಕೊಂಡಿದ್ದೇವೆ. ಮದುವೆ ಕರೆಯೋಲೆಯಲ್ಲೂ ಹುಡುಗನ ಹೆಸರಿನ ಹಿಂದೆ 'ಚಿ.' ಅಂತ ಹಾಕ್ತಾರೆ, ಚಿರಂಜೀವಿ ಅಂತ. ಏಳು ಜನ ಚಿರಂಜೀವಿಗಳಲ್ಲಿ ಅಶ್ವತ್ಥಾಮನೂ ಒಬ್ಬ. ಆದರೆ ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಕೃಷ್ಣ ಅವನಿಗೆ ಕೊಟ್ಟಿದ್ದು ವರವಲ್ಲ, ಶಾಪ. 3000 ವರ್ಷ ಜೊತೆಗೆ ಯಾರೂ ಇಲ್ಲದೆ, ಯಾರ ಹತ್ತಿರವೂ ಮಾತಿಲ್ಲದೆ ಅಲೆಯಬೇಕು ಅಂತ. ಮಲಗಿದ್ದ ಮಕ್ಕಳನ್ನು ಕೊಂದವನಿಗೆ ಸಾವಿಗಿಂತ ದೊಡ್ಡ ಶಿಕ್ಷೆ ಯಾವುದು ಅಂತ ಹುಡುಕಿ ಇದನ್ನು ಕೊಟ್ಟ ಹಾಗಿದೆ. ಅವನಾದರೂ ತಪ್ಪು ಮಾಡಿದ್ದ. ಬಾಗಿಲು ತಟ್ಟುವವಳು ಏನು ಮಾಡಿದ್ದಳು?

'ಸ್ತ್ರೀ' ಚಿತ್ರ ಈ ಪ್ರಶ್ನೆ ಕೇಳುತ್ತದೆ, ಅದಕ್ಕೇ ಅದು ನನಗೆ ಇಷ್ಟ. ಚಂದೇರಿ ಎಂಬ ಊರು. ವರ್ಷಕ್ಕೊಮ್ಮೆ ಹಬ್ಬದ ನಾಲ್ಕು ರಾತ್ರಿ ಆಕೆ ಬರುತ್ತಾಳೆ, ಗಂಡಸರನ್ನು ಹಿಂದಿನಿಂದ ಕರೆಯುತ್ತಾಳೆ, ತಿರುಗಿದವನು ಮಾಯ, ಬಟ್ಟೆ ಮಾತ್ರ ಉಳಿಯುತ್ತೆ. ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ ಅಂತ ಅಲ್ಲಿ ಗಂಡಸರಿಗೆ ಬುದ್ಧಿ ಹೇಳ್ತಾರೆ! ನಮ್ಮ ತರಗತಿಯ ಹುಡುಗಿಯರು ಯಾಕೆ ಅಷ್ಟು ನಕ್ಕರು ಅಂತ ಹುಡುಗರಿಗೆ ಅರ್ಥವಾಗಿರಲಿಕ್ಕಿಲ್ಲ. ಬದುಕಿದ್ದಾಗ ಆಕೆ ಊರು ಹೊರಗಿಟ್ಟಿದ್ದ ಹೆಂಗಸು. ಒಬ್ಬನು ಮನಸಾರೆ ಮೆಚ್ಚಿ ಮದುವೆಯಾದ. ಮದುವೆಯ ರಾತ್ರಿಯೇ ಊರವರು ಇಬ್ಬರನ್ನೂ ಕೊಂದರು. ಅಂದಿನಿಂದ ಅವಳು ಹುಡುಕುತ್ತಿದ್ದಾಳೆ. ಕೊನೆಗೆ ಊರವರು ಅವಳಿಗೊಂದು ಪ್ರತಿಮೆ ನಿಲ್ಲಿಸಿ, 'ನಾಳೆ ಬಾ' ಎನ್ನುವ ಕಡೆ 'ನಮ್ಮನ್ನು ಕಾಪಾಡು' ಎಂದು ಬರೆಯುತ್ತಾರೆ. ಅವಳು ಓದಿ ಸುಮ್ಮನೆ ಹೋಗುತ್ತಾಳೆ. ಇಡೀ ಚಿತ್ರದಲ್ಲಿ ನಾವು ನಗುವುದು ಹೆದರಿದ ಗಂಡಸರನ್ನು ನೋಡಿ. ಅವಳನ್ನು ನೋಡಿ ಅಲ್ಲ. (ಕೆಲವು ಮಾತುಗಳು ಮನೆಯವರ ಜೊತೆ ಕೂತು ಕೇಳುವಂಥವಲ್ಲ, ಅದನ್ನೂ ಹೇಳಿಬಿಡುತ್ತೇನೆ.) 2024ರ ಎರಡನೇ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ತಲೆಯಿಲ್ಲದ ರಾಕ್ಷಸ, ಹೊಡೆದಾಟ, ಗದ್ದಲ. ಒಂಟಿಯಾಗಿ ಅಲೆಯುತ್ತಿದ್ದವಳ ಸಂಕಟ ಅದರಲ್ಲಿ ಎಲ್ಲೋ ಕಳೆದುಹೋಯಿತು.

ನಮ್ಮ ಕನ್ನಡದಲ್ಲಿ 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಕೂಡ ಇದೇ ದಾರಿಯದು. ಜೆ.ಪಿ. ತುಮಿನಾಡು ನಿರ್ದೇಶನ. ಸಿಕ್ಕಿಬಿದ್ದ ಒಬ್ಬ ಹುಡುಗ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ, ಸೋಮೇಶ್ವರದ ಸುಲೋಚನ ಎಂಬಾಕೆಯ ದೆವ್ವ ಅಂತ ಊರೆಲ್ಲ ನಂಬುತ್ತೆ. ಕರಾವಳಿ ಮಾತು ನಮಗೆ ಅರ್ಧ ಅರ್ಥವಾಗದಿದ್ದರೂ ನಗು ಪೂರ್ತಿ ಅರ್ಥವಾಗುತ್ತೆ. ಅಲ್ಲೂ ನಗೆಪಾಟಲಾಗುವುದು ಊರಿನ ಜನರೇ.

"ವಿಜ್ಞಾನ ಕಲಿಸೋ ಶಾಲೆಯಲ್ಲಿ ದೆವ್ವದ ಲೇಖನ ಯಾಕಮ್ಮ?" ಎಂದು ಗುರುಗಳು ಕೇಳಬಹುದು. ದೆವ್ವ ಇದೆ ಅಂತ ನಾನು ಹೇಳುತ್ತಿಲ್ಲ ಸಾರ್. ನಮ್ಮ ಪಕ್ಕದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲೇ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಅಂಥವರ ಊರಿನ ಮಗ್ಗುಲಲ್ಲಿದ್ದುಕೊಂಡು ದೆವ್ವ ನಂಬಿದರೆ ನಾಚಿಕೆಗೇಡು. ದೆವ್ವ ಇಲ್ಲ. ಆದರೆ ದೆವ್ವ ಎಂದು ಹೆಸರಿಡಿಸಿಕೊಂಡ ಮನುಷ್ಯರು ಇದ್ದಾರೆ. ನಾನು ಪೇಪರು ಪೆನ್ನು ತೆಗೆದುಕೊಂಡಿದ್ದು ಅದಕ್ಕೇ.

ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮ ತರಗತಿಯಿಂದ ದೆವ್ವದ ಹಾಸ್ಯ ನಾಟಕ ಅಂತ ತೀರ್ಮಾನವಾಗಿದೆ. ಸಂತೋಷ. ಆದರೆ ದೆವ್ವದ ಪಾತ್ರಕ್ಕೆ ಹಿಂದಿನ ಬೀದಿಯ ಅಜ್ಜಿಯ ನಡಿಗೆ, ಅವರ ಕೆಮ್ಮು, ಅವರು ಕೋಲು ಊರುವ ರೀತಿ ಎಲ್ಲ ಅಭ್ಯಾಸ ಆಗ್ತಾ ಇದೆ. ಹೆಸರು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬರೇ ಇದ್ದಾರೆ, ವಯಸ್ಸೆಷ್ಟು ಅಂತ ಅವರಿಗೇ ಲೆಕ್ಕ ತಪ್ಪಿದೆ. ಇಷ್ಟಕ್ಕೇ ಅವರು 'ಸಾಯದ ಮುದುಕಿ', 'ಮೋಹಿನಿ'. ಸಂಜೆ ಅವರ ಬಾಗಿಲು ಬಡಿದು ಓಡಿ ಹೋಗುವ ಆಟ ಬೇರೆ. ಇಲ್ಲಿ ಬಾಗಿಲು ತಟ್ಟುವವರು ನಾವು, ಒಳಗೆ ಹೆದರಿಕೊಂಡು ಕೂತವರು ಅವರು. ಹಾಗಾದರೆ ದೆವ್ವ ಯಾರು ಅಂತ ನೀವೇ ಲೆಕ್ಕ ಹಾಕಿ.

"ತಮಾಷೆಗೆ ಕಣೇ, ಅವರೇನು ನೋಡೋಕೆ ಬರ್ತಾರಾ?" ಅಂತ ಒಬ್ಬ ಕೇಳಿದ. ಬರ್ತಾರೆ. ಪ್ರತಿ ವರ್ಷ ಬರ್ತಾರೆ. ಕಾಂಪೌಂಡ್ ಪಕ್ಕ, ಚಪ್ಪಲಿ ಬಿಡುವ ಜಾಗದಲ್ಲಿ ಕೂತು ವಂದನಾರ್ಪಣೆ ಮುಗಿಯುವ ತನಕ ನೋಡ್ತಾರೆ. ಕಳೆದ ಸಲ ಕೋಲಾಟ ಮುಗಿದಾಗ ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸಿದ್ದು ಅವರೇ.

ನಾಟಕ ಬೇಡ ಅಂತ ನನ್ನ ಅಭಿಪ್ರಾಯವಲ್ಲ, ಬೇರೆ ಥರ ಮಾಡೋಣ. ದೆವ್ವ ರಂಗದ ಮೇಲೆ ಬರುವುದೇ ಬೇಡ, ಹೊರಗಿನಿಂದ ಬಾಗಿಲು ತಟ್ಟುವ ಸದ್ದು ಸಾಕು. ಒಳಗೆ ಒಬ್ಬ ಗೌಡ. ಮೀಸೆ ತಿರುವಿ ಶೌರ್ಯ ಹೇಳುತ್ತಿದ್ದವನು ಸದ್ದಾದ ಕೂಡಲೇ ಮಂಚದ ಕೆಳಗೆ. ಮನೆಯಲ್ಲಿ ಯಾರಿಗೂ ಸರಿಯಾಗಿ ಬರೆಯಲು ಬಾರದೆ 'ನಾಳೆ ಬಾ' ಬದಲು 'ನಾಲೆ ಬಾ' ಅಂತ ಬರೆದುಬಿಡುತ್ತಾರೆ. ಓದು ಬಲ್ಲ ದೆವ್ವ ಯಾವ ನಾಲೆಗೆ ಹೋಗಬೇಕು? ನಾಲೆ ಹುಡುಕಿಕೊಂಡು ಮಂಡ್ಯದ ಬಸ್ಸು ಹತ್ತಬೇಕಾಗುತ್ತೆ! ಕನ್ನಡ ಮೇಡಂ ಅವರಿಗೆ ಈ ದೃಶ್ಯ ಖಂಡಿತ ಹಿಡಿಸುತ್ತೆ, ಳಕಾರ ಲಕಾರದ ವಿಷಯದಲ್ಲಿ ಅವರು ನಮ್ಮಿಂದ ಪಟ್ಟ ಪಾಡು ಅಷ್ಟಿಷ್ಟಲ್ಲ.

ಮೊದಲ ಎರಡು ದೃಶ್ಯ ಬರೆದಿಟ್ಟಿದ್ದೇನೆ. ಓದುವವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಿಗಿ. ಬಾಗಿಲು ತಟ್ಟುವವಳ ದನಿ ನಾನೇ ಕೊಡುತ್ತೇನೆ. ಮಂಚದ ಕೆಳಗೆ ಹೋಗುವ ಗೌಡನ ಪಾತ್ರಕ್ಕೆ ಮಾತ್ರ ಇನ್ನೂ ಯಾವ ಹುಡುಗನೂ ಒಪ್ಪಿಲ್ಲ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ