ಆಪರೇಷನ್ ಆಯ್ತು, ಲೆನ್ಸಿನ ಚೀಟಿ ಎಲ್ಲಿ?

ಲಿಂಬೆ ಬೆಲೆಯ ಸುದ್ದಿಗೆಂದು ಇಂಡಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆವು. ಕಟ್ಟೆಯ ಮೇಲಿದ್ದ ಅಜ್ಜಿ ಕೂಗಿ ಕರೆದರು: 'ತಮ್ಮಾ, ನೀ ಪೇಪರಿನಾಂವ ಅಲ್ಲೇನು? ಕಣ್ಣಿಗಿ ಹೊಳ್ಳಿ ಪೊರಿ ಬಂದೈತಿ, ಅದನ್ನ ಬರಿ.' ಎರಡು ವರ್ಷದ ಹಿಂದೆ ಶಿಬಿರದಲ್ಲಿ ಆಪರೇಷನ್ ಆಗಿತ್ತು. ಕಾಗದ ಕೇಳಿದರೆ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡ್, ಗ್ಯಾಸ್ ಪುಸ್ತಕ, ಕಪ್ಪು ಕನ್ನಡಕ ಹೊರಬಂದವು. ಲೆನ್ಸಿನ ಚೀಟಿ ಇರಲಿಲ್ಲ.

ತೆಗೆದ ಪೊರೆ ಮತ್ತೆ ಬರುವುದಿಲ್ಲ. ಕೃತಕ ಲೆನ್ಸ್ ಕೂರಿಸಿದ ತೆಳುಚೀಲದ ಹಿಂಭಾಗ ತಿಂಗಳು, ವರ್ಷಗಳಲ್ಲಿ ಮಬ್ಬಾಗುತ್ತದೆ. ಯಾಗ್ ಲೇಸರ್‌ನಿಂದ ಅದರಲ್ಲಿ ಸಣ್ಣ ಕಿಂಡಿ ತೆರೆದರೆ ಸಾಕು. ಕೊಯ್ಯುವುದಿಲ್ಲ, ಅಂದೇ ಮನೆಗೆ ಬರಬಹುದು. ಆದರೆ ತಪ್ಪು ಪವರಿನ ಲೆನ್ಸ್ ಕೂತಿದ್ದರೆ, ಅದು ಜರುಗಿದ್ದರೆ, ಲೆನ್ಸೇ ಮಬ್ಬಾಗಿದ್ದರೆ ದಾರಿ ಬೇರೆ. ಕೆಲವೊಮ್ಮೆ ಬದಲಿಸಲೇಬೇಕು. ಲೆನ್ಸ್ ಚೀಲಕ್ಕೆ ಅಂಟಿಕೊಳ್ಳುವ ಮೊದಲು ಬದಲಿಸುವುದು ಸುಲಭ. ಲೇಸರ್ ಹೊಡೆದ ಮೇಲೆ ಅದೇ ಕೆಲಸ ಕಷ್ಟ, ಅಪಾಯವೂ ಹೆಚ್ಚು. ಹಾಗಾಗಿ ಮೊದಲು ಕಾರಣ ಗೊತ್ತಾಗಬೇಕು. ಯಾವ ಕಂಪನಿಯ ಲೆನ್ಸ್, ಎಷ್ಟು ಪವರ್, ಯಾವ ನಂಬರ್ ಎಂಬುದು ಲೆನ್ಸಿನ ಡಬ್ಬಿಯಲ್ಲೇ ಬರುವ ಸ್ಟಿಕರ್‌ ಮೇಲಿರುತ್ತದೆ. ಬೆರಳುದ್ದದ ಆ ಸ್ಟಿಕರ್ ರೋಗಿಯ ಕೈ ಸೇರುವುದಿಲ್ಲ ಎಂದರೆ ಏನರ್ಥ?

ನಮ್ಮ ಜಿಲ್ಲೆಗೆ ಕಣ್ಣಿನ ಶಿಬಿರ ಹೊಸದಲ್ಲ. ಅವಿಭಜಿತ ವಿಜಾಪುರ ಜಿಲ್ಲೆಯ ಬೀಳಗಿಯವರಾದ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಪೊರೆ ತೆಗೆದವರು. ಆಗ ಒಳಗೆ ಲೆನ್ಸ್ ಹಾಕುತ್ತಿರಲಿಲ್ಲ, ದಪ್ಪ ಕನ್ನಡಕವೇ ಗತಿ. ಈಗ ಕಣ್ಣೊಳಗೆ ಒಂದು ವಸ್ತು ಬಿಟ್ಟು ಕಳಿಸುತ್ತಾರೆ. ಅದರ ಲೆಕ್ಕ ಬೇಡವೇ?

2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ನಂತರ ಹಲವರ ದೃಷ್ಟಿ ಹೋಯಿತು. ರಾಜಧಾನಿಯಾದ್ದರಿಂದ ಗದ್ದಲವಾಯಿತು. ಸಿಂದಗಿ, ಮುದ್ದೇಬಿಹಾಳದ ಹಳ್ಳಿಯಲ್ಲಿ ಒಬ್ಬರಿಗೆ ಕಣ್ಣು ಮಬ್ಬಾದರೆ 'ವಯಸ್ಸಾತು ಬಿಡು' ಎಂದು ಮನೆಯವರೇ ಸುಮ್ಮನಾಗುತ್ತಾರೆ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ನೋವು, ಕೆಂಪು, ದೃಷ್ಟಿ ಕುಗ್ಗುವುದು ಕಂಡರೆ ಅದು ಸೋಂಕಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು ಎಂದು ಶಿಬಿರದ ಮೈಕಿನಲ್ಲಿ ಹೇಳಬಹುದಲ್ಲ. ಅತಿಥಿಗಳ ಹೆಸರು ಮೂರು ಸಲ ಹೇಳುವಷ್ಟು ಹೊತ್ತು ಬೇಕಿಲ್ಲ.

ನಮ್ಮ ಬೇಡಿಕೆ ಇಷ್ಟೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಶಿಬಿರ ಮಾಡುವವರು ಸ್ಟಿಕರ್ ಅಂಟಿಸಿದ ಕಾರ್ಡ್ ಕೊಡಲಿ. ಮರುತಪಾಸಣೆಗೆ ಅದೇ ತಾಲ್ಲೂಕಿಗೆ ಬರಲಿ. ಲೇಸರ್ ಆಗಲಿ, ಲೆನ್ಸ್ ಬದಲಾವಣೆ ಆಗಲಿ, ಖರ್ಚು ಯಾರದೆಂದು ಮೊದಲೇ ಬರೆದುಕೊಡಲಿ.

ಅಜ್ಜಿಯ ಮಗನಿಗೆ ಶಿಬಿರದ ತಾರೀಖು ನೆನಪಿರಲಿಲ್ಲ. ನಮ್ಮದೇ ಹಳೆಯ ವರದಿಯಲ್ಲಿ ಹುಡುಕಿ ಕೊಟ್ಟೆವು. ಅದರಲ್ಲಿ ದೀಪ ಬೆಳಗಿದವರ ಹೆಸರೆಲ್ಲ ಇತ್ತು. ಆಪರೇಷನ್ ಮಾಡಿದ ವೈದ್ಯರ ಹೆಸರು ನಾವು ಬರೆದೇ ಇರಲಿಲ್ಲ.